ಸೈಕಲ್ ನರ್ಸಮ್ಮನ ಬೂಟು

ಬಂಡಳ್ಳಿ
14-11-1995

ತಮ್ಮ ಕುಮಾರಸ್ವಾಮಿಗೆ ಅಕ್ಕ ಕೋಮಲಳ ಆಶೀರ್ವಾದ.

ನನ್ನ ಕಾಲೆರಡನ್ನು ಬಿಟ್ಟರೆ ಇಲ್ಲಿ ಎಲ್ಲ ಕ್ಷೇಮ. ಅವ್ವ ಗಟ್ಟಿಯಾಗಿದ್ದಾಳೆ. ಎಲೆಅಡಿಕೆ ಚೀಲ ಸೊಂಟದಲ್ಲಿರುವವರೆಗೆ ಅವಳಿಗೇನೂ ಆಗುವುದಿಲ್ಲ ಬಿಡು. ನಿನ್ನ ಭಾವ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಾಲವೆಂದು ಎರಡು ಭಾನುವಾರದಿಂದ ಮನೆ ಕಡೆ ತಲೆ ಹಾಕಿಲ್ಲ. ಅವರೂ ಕ್ಷೇಮವೇ ಇರಬೇಕು.

ಕಾಲಿನ ಕಥೆ ಕೇಳು. ನನ್ನ ಪಾಲಿಗೆ ಐದು ಹಳ್ಳಿ ಬಿದ್ದಿವೆ. ಬೆಳಗ್ಗೆ ಆರೂವರೆಗೆ ಲಸಿಕೆ ಡಬ್ಬಿ ಕಟ್ಟಿಕೊಂಡು ಸೈಕಲ್ ಹತ್ತಿದರೆ ಮನೆ ಸೇರುವುದು ಮೂರಕ್ಕೆ. ಹಿಂಗಾರು ಈ ಸಲ ಬಿಡುವೇ ಕೊಟ್ಟಿಲ್ಲ. ಶಾಗ್ಯದ ಕಡೆ ಕಾಡಂಚಿನ ದಾರಿಯಲ್ಲಿ ಮಂಜು ಕವಿದುಕೊಂಡಿರುತ್ತದೆ, ಹಳ್ಳ ಮೊಣಕಾಲುದ್ದ ಹರಿಯುತ್ತಿರುತ್ತದೆ. ಒದ್ದೆ ಕಾಲಿಗೆ ಆ ಗಾಳಿ ತಾಗಿದರೆ ಬೆರಳು ಇವೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗುತ್ತದೆ. ಕ್ಯಾನ್ವಾಸ್ ಶೂ ಹಾಕಿ ನೋಡಿದೆ, ಒಮ್ಮೆ ನೆಂದರೆ ಮೂರು ದಿನ ಒಣಗುವುದಿಲ್ಲ. ಕೊಳ್ಳೇಗಾಲದಿಂದ ರಬ್ಬರ್ ಗಂಬೂಟು ತಂದೆ. ಪೆಡಲ್ ತುಳಿಯುವಾಗ ಮೊಣಕಾಲು ಮಡಚಿದರೆ ಅದರ ಬಾಯಿ ಅಗಲವಾಗಿ ಮಳೆನೀರೆಲ್ಲ ಒಳಗೆ ಇಳಿದು ಅಲ್ಲೇ ನಿಲ್ಲುತ್ತದೆ. ಮೊನ್ನೆ ಚಿಕ್ಕಬಸಮ್ಮ ಎಂಬ ಬಾಣಂತಿಯ ಮನೆ ಜಗುಲಿಯಲ್ಲಿ ಕೂತು ಗಂಬೂಟು ಬಗ್ಗಿಸಿದೆ, ಅರ್ಧ ಚೊಂಬು ನೀರು ಬಂತು. "ನರ್ಸಮ್ಮಾರೆ, ಕಾಲಲ್ಲಿ ಕಪ್ಪೆ ಸಾಕಿದ್ದೀರಾ?" ಎಂದಳು.

ನೀನು ಮಿಲಿಟರಿಯಲ್ಲಿ ಹಿಮದ ಮೇಲೆ ನಡೆಯುವವನು. ಸೈಕಲ್ ತುಳಿಯುವ ಹೆಂಗಸಿನ ಕಾಲು ಬೆಚ್ಚಗೆ, ಒಣಗಿ ಇರಬೇಕಾದರೆ ಎಂಥ ಬೂಟು ಆರಿಸಬೇಕು ಎಂದು ಬರೆ. ಬೇಸಿಗೆಯ ರಜೆಗೆ ತಪ್ಪದೆ ಬಾ. ಯಳಂದೂರಿನಲ್ಲಿ ನಮ್ಮ ಅತ್ತೆ ಮಾವ ಕವಿತಳ ಮದುವೆಗೆ ನಿನ್ನ ದಾರಿಯನ್ನೇ ನೋಡುತ್ತಿದ್ದಾರೆ. ನನ್ನ ನಾದಿನಿ ನನ್ನ ತಮ್ಮನ ಹೆಂಡತಿಯಾದರೆ ನನಗೆ ಎರಡು ಕಡೆಯಿಂದಲೂ ಬೈಯುವ ಹಕ್ಕು ಸಿಗುತ್ತದೆ.

ನಿನ್ನ ಅಕ್ಕ,
ಕೋಮಲ


ಕೇರ್ ಆಫ್ 56 ಎ.ಪಿ.ಒ.
2-12-1995

ಅಕ್ಕನಿಗೆ ನಮಸ್ಕಾರ.

ಇನ್ನು ನಾಲ್ಕು ದಿನದಲ್ಲಿ ಹಿಮಬೆಟ್ಟದ ಮೇಲಿನ ಕಾವಲು ಪೋಸ್ಟಿಗೆ ಹೋಗುತ್ತೇವೆ. ಅಲ್ಲಿಂದ ಟಪಾಲು ಇಳಿಯುವುದು ನಿಧಾನ, ಅವ್ವನಿಗೆ ಮೊದಲೇ ಹೇಳಿಡು. ಈಗ ಬೂಟಿನ ವಿಷಯ, ಮನಸ್ಸಿಟ್ಟು ಓದು.

ಕಾಲು ತಣ್ಣಗಾಗುವುದು ಬೂಟು ತೆಳುವೆಂದಲ್ಲ, ಬಿಗಿಯೆಂದು. ಬಿಗಿದರೆ ರಕ್ತ ಬೆರಳಿಗೆ ಇಳಿಯುವುದಿಲ್ಲ. ಆದ್ದರಿಂದ ಬೂಟನ್ನು ಬೆಳಗ್ಗೆ ಕೊಳ್ಳಬಾರದು. ಸಂಜೆ, ಓಡಾಡಿ ಕಾಲು ಊದಿಕೊಂಡ ಮೇಲೆ, ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿ ನಿಂತು ನೋಡಬೇಕು. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಬೇಕು, ಹಿಮ್ಮಡಿ ಅಲ್ಲಾಡಬಾರದು. ಲೇಸಿನ ಅಡಿಯ ಬೂಟಿನ ನಾಲಿಗೆ ಎರಡೂ ಪಕ್ಕಕ್ಕೆ ಹೊಲಿದಿರಬೇಕು, ಇಲ್ಲವಾದರೆ ಲೇಸಿನ ಸಂದಿಯಿಂದಲೇ ನೀರು ಹೋಗುತ್ತದೆ. ನಿನಗೆ ಸೈಕಲ್ ಇರುವುದರಿಂದ ನಮ್ಮಂಥ ದಪ್ಪ ಅಟ್ಟೆ ಬೇಡ, ಪೆಡಲ್ ಕಾಲಿಗೆ ಗೊತ್ತಾಗಬೇಕು. ಎತ್ತರ ಗಿಣ್ಣು ಮುಚ್ಚಿದರೆ ಸಾಕು. ಲೇಸಿನ ತುದಿ ಒಳಗೆ ಸಿಕ್ಕಿಸು, ಚೈನಿಗೆ ಸಿಕ್ಕಿ ಬಿದ್ದೀಯೆ. ನಿನಗೆ ಸೈಕಲ್ ಕಲಿಸಿದವನು ನಾನು, ನೀನು ಬೀಳುವ ಚೆಂದ ನನಗೆ ಗೊತ್ತು.

ಕಾಲುಚೀಲ ನೆಂದರೆ ಕೂಡಲೇ ಬದಲಿಸು. ನೆಂದ ಬೂಟನ್ನು ಒಲೆ ಮುಂದೆ ಇಡಬೇಡ, ಚರ್ಮ ಬಿರಿಯುತ್ತದೆ. ಮೂತಿಯೊಳಗೆ ಹಳೆ ಪೇಪರ್ ತುರುಕಿ ನೆರಳಲ್ಲಿಡು. ಅಂಥ ಬೂಟು ಕೊಳ್ಳೇಗಾಲದಲ್ಲಿ ಸಿಗಲಾರದು. ನಾನೇ ತರುತ್ತೇನೆ. ಬಿಳಿ ಹಾಳೆಯ ಮೇಲೆ ನಿಂತು ಕಾಲಿನ ಸುತ್ತ ಪೆನ್ಸಿಲಿನಲ್ಲಿ ಗೀಟು ಹಾಕಿ ಕಳಿಸು. ನೀನೇ ಬಗ್ಗಿ ಹಾಕಬೇಡ, ಅಳತೆ ಓರೆಯಾಗುತ್ತದೆ.

ಕುಮಾರಸ್ವಾಮಿ


ಬಂಡಳ್ಳಿ
28-12-1995

ಕುಮಾರ,

ಇದರ ಜೊತೆ ನನ್ನ ಪಾದ ಕಳಿಸಿದ್ದೇನೆ, ಕಣ್ಣಿಗೊತ್ತಿಕೊ. ಗೀಟು ಹಾಕಿದವಳು ಕವಿತ. ರಜೆಗೆ ಬಂದಿದ್ದವಳನ್ನು ಹಿಡಿದು ಕೂರಿಸಿದೆ. ಕಚಗುಳಿಯಾಗಿ ನಾನು ಕುಣಿದದ್ದಕ್ಕೆ ಮೊದಲ ಹಾಳೆ ಹಾಳಾಯಿತು. ಹೊಲಿಗೆ ತರಗತಿ ನಡೆಸುವವಳಲ್ಲವೇ, ಎರಡನೆಯದನ್ನು ರವಿಕೆಯ ಅಳತೆಯಂತೆ ತೆಗೆದಿದ್ದಾಳೆ. ನಿನ್ನ ಪತ್ರ ಓದಿ "ಇವರು ಮಾತಾಡೋದೂ ಇಷ್ಟೇ ಅಳತೆಯಾಗಾ?" ಎಂದು ಕೇಳಿದಳು. ಅಷ್ಟೇ ಎಂದೆ.

ಡಿಸೆಂಬರ್ ಒಂಬತ್ತರಂದು ಪೋಲಿಯೋ ಹನಿ ಹಾಕಿದೆವು. ಐದು ಹಳ್ಳಿಯ ಒಂದು ಮಗುವನ್ನೂ ಬಿಡಲಿಲ್ಲ. ಜನವರಿಯಲ್ಲಿ ಇನ್ನೊಂದು ಸುತ್ತು.

ನಿನ್ನ ಪತ್ರ ಬಂದರೆ ಅವ್ವ ಬೀದಿಯವರನ್ನೆಲ್ಲ ಸೇರಿಸಿ ಓದಿಸುತ್ತಾಳೆ. ಬೂಟಿನ ನಾಲಿಗೆ ಎಂದು ಓದಿದಾಗ ಪಕ್ಕದ ವೀರಮ್ಮ "ಅಯ್, ಬೂಟ್ಗೂ ನಾಲ್ಗೆ ಅದಾ?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆದ್ದರಿಂದ ಗುಟ್ಟಿನ ಮಾತು ಏನಿದ್ದರೂ ಪತ್ರದಲ್ಲಿ ಬರೆಯಬೇಡ.

ಕೋಮಲ


ಬಂಡಳ್ಳಿ
6-2-1996

ಕುಮಾರ,

ಎರಡು ತಿಂಗಳಾಯಿತು, ಒಂದು ಗೆರೆಯೂ ಇಲ್ಲ. ನಿಧಾನ ಎಂದು ನೀನು ಅಂದಿದ್ದೆ, ನಿಜ. ಆದರೆ ಎಷ್ಟು ನಿಧಾನ? ಎಲ್ಲೋ ಹಿಮ ಜರಿಯಿತೆಂದು ರೇಡಿಯೋದಲ್ಲಿ ಹೇಳಿದ ದಿನದಿಂದ ಅವ್ವ ಉಂಡ ಅನ್ನ ಮೈಗೆ ಹತ್ತುತ್ತಿಲ್ಲ. ಪೋಸ್ಟಿನವನ ಸೈಕಲ್ ಬೆಲ್ ಕೇಳಿದರೆ ನಾನೂ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತೇನೆ.

ಬೂಟು ಗೀಟು ಏನೂ ಬೇಡ. ಚೆನ್ನಾಗಿದ್ದೇನೆ ಎಂದು ಒಂದು ಕಾರ್ಡು ಹಾಕು.

ಅಕ್ಕ


ಕೇರ್ ಆಫ್ 56 ಎ.ಪಿ.ಒ.
27-2-1996

ಅಕ್ಕನಿಗೆ,

ಚೆನ್ನಾಗಿದ್ದೇನೆ. ಹಿಮ ಬಿದ್ದು ಟಪಾಲು ನಿಂತಿತ್ತು. ಈಗ ಕೆಳಗೆ ಇಳಿದಿದ್ದೇನೆ, ಊಟ ನಿದ್ದೆ ಎಲ್ಲ ಸರಿಯಾಗಿದೆ. ಅವ್ವನಿಗೆ ಹೇಳು.

ಕುಂತೂರಿನ ಹವಾಲ್ದಾರ್ ಶಿವನಂಜಯ್ಯನವರು ರಜೆಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಬೂಟು ಕಳಿಸಿದ್ದೇನೆ. ಅಂಗಡಿಯವನ ಮುಂದೆ ನಿನ್ನ ಹಾಳೆ ಹಾಸಿ, ಏಳು ಜೊತೆ ನೋಡಿ, ಇದನ್ನು ಆರಿಸಿದೆ. ಅವ್ವ ಚರ್ಮದ ವಸ್ತು ಮುಟ್ಟುವುದಿಲ್ಲವಾದ್ದರಿಂದ ಬಿಚ್ಚುವ ಕೆಲಸ ನಿನ್ನದೇ. ಬಂದ ದಿನವೇ ಹಾಕಿಕೊ. ಹತ್ತು ಜನರ ಮುಂದೆ ಬೇಡ, ಒಬ್ಬಳೇ ಕೂತು ಎರಡೂ ಕಾಲಿಗೆ ಹಾಕಿಕೊಂಡು ನೋಡು. ಆಮೇಲೆ ಪತ್ರ ಬರೆ. ನೀನು ಏನು ಬರೆದರೂ ನನಗೆ ಬೇಜಾರಿಲ್ಲ.

ಕುಮಾರಸ್ವಾಮಿ


ಬಂಡಳ್ಳಿ
24-3-1996

ಪ್ರೀತಿಯ ಕುಮಾರನಿಗೆ,

ನಿನ್ನ ಕಾಗದ ಬಂದ ದಿನ ಅವ್ವ ಬೀದಿಗೆಲ್ಲ ಬೆಲ್ಲ ಹಂಚಿದಳು. ಬೂಟು ಬಂತು. ಎಂಥ ಬೂಟೋ! ಕರ್ರಗೆ ಮಿರಮಿರ ಮಿಂಚುತ್ತದೆ. ನಾಲಿಗೆ ಎರಡು ಪಕ್ಕಕ್ಕೂ ಹೊಲಿದಿದೆ, ಒಳಗೆ ಕಂಬಳಿಯಂಥ ಮೆತ್ತೆ. ನೀನು ಹೇಳಿದಂತೆ ಒಬ್ಬಳೇ ಕೂತು ಎರಡೂ ಕಾಲಿಗೆ ಹಾಕಿಕೊಂಡೆ. ಎಲ್ಲ ಸರಿಯಾಗಿದೆ. ಹೆಬ್ಬೆರಳಿನಷ್ಟು ಜಾಗ ಬಿಟ್ಟಿದೆ, ಹಿಮ್ಮಡಿ ಅಲ್ಲಾಡುವುದಿಲ್ಲ. ಬೇರೆ ಏನೂ ಹೇಳುವಂಥದ್ದಿಲ್ಲ. ದಿನವೂ ಹಾಕಿಕೊಂಡೇ ಸೈಕಲ್ ತುಳಿಯುತ್ತಿದ್ದೇನೆ, ಹಳ್ಳಿಯವರೆಲ್ಲ ಪೊಲೀಸ್ ನರ್ಸಮ್ಮ ಎನ್ನುತ್ತಾರೆ.

ರಜೆ ಯಾವಾಗ? ತಾರೀಖು ಬರೆ. ಅದೊಂದನ್ನೇ ಕೇಳುತ್ತಿರುವುದು.

ಕೋಮಲ


ಬಂಡಳ್ಳಿ
25-3-1996

ಯಳಂದೂರಿನ ನಾದಿನಿ ಕವಿತಳಿಗೆ,

ನಿನ್ನೆ ನನ್ನ ತಮ್ಮನಿಗೆ ಒಂದು ಹಾಳೆ ತುಂಬ ಸುಳ್ಳು ಬರೆದೆ. ಯಾರಿಗಾದರೂ ನಿಜ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ.

ಬೂಟನ್ನು ನಾನು ಹಾಕಿಕೊಂಡಿಲ್ಲ. ಅವನ ಸುದ್ದಿಯಿಲ್ಲದೆ ಕೂತಿದ್ದಾಗ ಅವ್ವ ಮಾದಪ್ಪನ ಬೆಟ್ಟದ ಕಡೆ ತಿರುಗಿ ಹರಕೆ ಹೊತ್ತುಬಿಟ್ಟಳು. "ಮಾದಪ್ಪಾ, ನನ್ ಮಗ ಬಂದು ಒಸ್ಲು ದಾಟೋಗಂಟ ನನ್ ಮಗಳು ಕಾಲ್ಗೆ ಕೆರ ಮೆಟ್ಟಲ್ಲ." ನನ್ನನ್ನು ಒಂದು ಮಾತು ಕೇಳಲಿಲ್ಲ! "ಹರಕೆ ನಿನ್ನದು, ಕಾಲು ನನ್ನದ್ಯಾಕವ್ವ?" ಅಂದೆ. "ನಾನು ಉಟ್ದಾಗಿಂದ ಕೆರ ಮೆಟ್ದೋಳಲ್ಲ. ನನ್ ಬರಿಗಾಲ ಕೊಟ್ರೆ ದೇವ್ರು ಒಪ್ತನಾ? ಇರೋದ್ನ ಬುಟ್ರಲ್ವಾ ಅರಕೆ?" ಅಂದಳು.

ಬಸುರಿಯರಿಗೆ ಕೊಕ್ಕೆಹುಳು ಹತ್ತುತ್ತದೆ, ಚಪ್ಪಲಿ ಹಾಕಿ ಎಂದು ಭಾಷಣ ಮಾಡುವವಳು ನಾನು. ಈಗ ನಾನೇ ಬರಿಗಾಲಲ್ಲಿ ಸೈಕಲ್ ಇಳಿಯುತ್ತೇನೆ. ನಗುತ್ತಾರೆ. ನನಗೆ ಇದರಲ್ಲಿ ನಂಬಿಕೆಯಿಲ್ಲ ಕವಿತ, ಆದರೆ ಮುರಿಯುವ ಧೈರ್ಯವೂ ಇಲ್ಲ. ಹರಕೆ ಹೊತ್ತ ಆರನೆಯ ದಿನ ಅವನ ಕಾಗದ ಬಂತಲ್ಲ! ನಾನು ಮೆಟ್ಟು ಹಾಕಿದ ದಿನ ಅವನಿಗೆ ಏನಾದರೂ ಆದರೆ? ಕುಮಾರನಿಗೆ ಹೇಳಿದರೆ "ಹುಚ್ಚಾಟ ಬಿಡಿ" ಎಂದು ಅವ್ವನ ಮೇಲೆ ರೇಗುತ್ತಾನೆ. ಅವನು ಬರಲಿ, ಎದುರಿಗೇ ಹಾಕಿಕೊಳ್ಳುತ್ತೇನೆ. ಅಲ್ಲಿಯವರೆಗೆ ಬೂಟು ಗೂಡಿನಲ್ಲಿರುತ್ತದೆ, ದಿನಾ ಒರೆಸಿಡುತ್ತೇನೆ.

ಇನ್ನೊಂದು. ಅವನು ಬರುವತನಕ ಮದುವೆಯ ಮಾತೆತ್ತಿದರೆ ದೃಷ್ಟಿಯಾಗುತ್ತದೆ ಎಂದು ಅವ್ವನ ಕಟ್ಟಪ್ಪಣೆ. ಅದಕ್ಕೇ ಈ ಸಲದ ಪತ್ರದಲ್ಲಿ ನಿನ್ನ ಹೆಸರನ್ನೂ ಬರೆಯಲಿಲ್ಲ. ಮುನಿಸಿಕೊಳ್ಳಬೇಡ.

ಅತ್ತಿಗೆ


ಕೇರ್ ಆಫ್ 56 ಎ.ಪಿ.ಒ.
20-4-1996

ಅಕ್ಕನಿಗೆ,

ನಿನ್ನ ಪತ್ರ ಬಂತು. ಬರೆದದ್ದೂ ತಿಳಿಯಿತು, ಬರೆಯದೆ ಬಿಟ್ಟದ್ದೂ ತಿಳಿಯಿತು. ಯಾರದೂ ತಪ್ಪಿಲ್ಲ.

ಈ ವರ್ಷ ರಜೆ ಕೇಳುವುದಿಲ್ಲ. ನನ್ನನ್ನು ಡಿಪೋ ಕೆಲಸಕ್ಕೆ ಹಾಕಿದ್ದಾರೆ, ಬಿಡುವಿಲ್ಲ. ಯಳಂದೂರಿನವರು ಬೇರೆ ಕಡೆ ಗಂಡು ನೋಡಲಿ. ಇದರಿಂದ ಆ ಮನೆಯಲ್ಲಿ ನಿನಗೆ ಮಾತು ಬರದ ಹಾಗೆ ನೋಡಿಕೊ, ನನ್ನ ಮೇಲೆ ಏನು ಬೇಕಾದರೂ ಹೇಳು.

ಬೂಟು ಸರಿಯಾಯಿತಲ್ಲ, ಸಂತೋಷ.

ಕುಮಾರಸ್ವಾಮಿ


ಬಂಡಳ್ಳಿ
9-5-1996

ಏನೋ ಬಂದಿರುವುದು ನಿನಗೆ?

ಎರಡು ವರ್ಷದಿಂದ ಒಬ್ಬ ಹುಡುಗಿಯನ್ನು ಕಾಯಿಸಿ, ಈಗ ಬೇರೆ ಕಡೆ ನೋಡಲಿ ಎಂದರೆ ಏನರ್ಥ? ಪತ್ರವನ್ನು ಅವ್ವನಿಗೆ ಪೂರ್ತಿ ಓದಲಿಲ್ಲ. ರಜೆ ಇಲ್ಲವಂತೆ ಎಂದಷ್ಟೇ ಹೇಳಿದೆ. ಕವಿತಳಿಗೆ ಹೇಳಲೇಬೇಕಾಯಿತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸಲು ಅವಳಿಗೆ ನಾಲ್ಕು ಸಲ ಬೇಕಾಯಿತು. ಆ ಸಂಕಟ ನೋಡಲಾರದೆ ನಾನು ಬಸ್ ಹತ್ತಿ ಬಂದುಬಿಟ್ಟೆ.

ಮಾವ ದೀಪಾವಳಿಯವರೆಗೆ ನೋಡುತ್ತೇವೆ ಎಂದಿದ್ದಾರೆ. ಆಮೇಲೆ ಅವರ ದಾರಿ ಅವರಿಗೆ. ಏನಿದೆ ಹೇಳು. ನನ್ನ ಹತ್ತಿರವೂ ಹೇಳಲಾಗದಂಥದ್ದೇ?

ಕೋಮಲ


ಕೇರ್ ಆಫ್ 56 ಎ.ಪಿ.ಒ.
2-7-1996

ಅಕ್ಕ,

ಎಲ್ಲ ತಿಳಿದ ಮೇಲೂ ನೀನು ಹೀಗೆ ಬರೆಯಬಾರದು. ನನ್ನ ಮೇಲಿನ ಪ್ರೀತಿಗೆ ಹೀಗೆ ಮಾಡುತ್ತೀಯೆ, ಗೊತ್ತು. ಆದರೆ ಮುಚ್ಚಿಟ್ಟು ಮದುವೆಯಾಗುವ ಕೆಲಸ ನನ್ನಿಂದ ಆಗದು. ನಾಳೆ ಅವರಿಗೇ ಗೊತ್ತಾದಾಗ ನಿನ್ನ ಮುಖ ಎಲ್ಲಿಡುತ್ತೀಯೆ?

ಕುಮಾರಸ್ವಾಮಿ


ಬಂಡಳ್ಳಿ
25-7-1996

ಕುಮಾರಸ್ವಾಮಿಯವರಿಗೆ,

ಈಗ ಅರ್ಥವಾಯಿತು. ಮುಚ್ಚಿಡುವಂಥದ್ದು ಏನೋ ಇದೆ ಎಂದಾದರೆ ಅಲ್ಲಿ ಯಾರೋ ಇದ್ದಾಳೆ. ಪಂಜಾಬಿನವಳೋ ಎಲ್ಲಿಯವಳೋ, ಸುಖವಾಗಿರಿ. ಅವ್ವನಿಗೆ ತಿಂಗಳಿಗೊಂದು ಕಾರ್ಡು ಹಾಕಿದರೆ ಸಾಕು. ನನಗೆ ಬರೆಯುವುದು ಬೇಡ.

ಕೋಮಲ


ಕೇರ್ ಆಫ್ 56 ಎ.ಪಿ.ಒ.
29-9-1996

ಅಕ್ಕ,

ಬರೆಯಬೇಡ ಎಂದು ನೀನು ಅಂದಿದ್ದೆ. ಬೇರೆ ಏನೂ ಬರೆಯುವುದಿಲ್ಲ. ಹಿಂಗಾರು ಶುರುವಾಗುತ್ತದೆ. ಬೂಟಿನ ಹೊಲಿಗೆಗೆ ಮೇಣ ಹಚ್ಚಿಕೊ. ಒಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡಬ್ಬಿಯ ಜೊತೆ ಇಟ್ಟುಕೊ. ಒದ್ದೆ ಕಾಲುಚೀಲವನ್ನು ಒಂದು ಗಳಿಗೆಯೂ ಕಾಲಲ್ಲಿ ಬಿಡಬೇಡ. ಇದೊಂದು ಮಾತು ನಡೆಸಿಕೊಡು.

ಕುಮಾರ


ಬಂಡಳ್ಳಿ
3-11-1996

ಕುಮಾರ,

ನಿನ್ನ ಕೆನ್ನೆಗೆ ಎರಡು ಬಾರಿಸಬೇಕು, ನನ್ನ ಕೆನ್ನೆಗೆ ನಾಲ್ಕು. ಇವತ್ತು ಹನೂರಿಗೆ ಹೋಗುವವರ ಕೈಯಲ್ಲಿ ತಂತಿಯನ್ನೂ ಕೊಟ್ಟು ಕಳಿಸಿದ್ದೇನೆ. ಅದರಲ್ಲಿ "ಕವಿತ ಒಪ್ಪಿದ್ದಾಳೆ, ಬಾ" ಎಂದಷ್ಟೇ ಇದೆ. ಮಿಕ್ಕಿದ್ದು ಇದರಲ್ಲಿ ಓದು.

ಮೊದಲು ನನ್ನ ತಪ್ಪು ಒಪ್ಪಿಸುತ್ತೇನೆ. ನೀನು ಕಳಿಸಿದ ಬೂಟನ್ನು ನಾನು ಒಂದು ದಿನವೂ ಹಾಕಿಕೊಂಡಿರಲಿಲ್ಲ. ನಿನ್ನ ಸುದ್ದಿಯಿಲ್ಲದ ದಿನಗಳಲ್ಲಿ ಅವ್ವ ನನ್ನ ಕಾಲಿನ ಮೇಲೆ ಹರಕೆ ಹೊತ್ತಿದ್ದಳು. ನೀನು ಬಂದು ಹೊಸ್ತಿಲು ದಾಟುವವರೆಗೆ ನಾನು ಮೆಟ್ಟು ಮೆಟ್ಟುವಂತಿಲ್ಲ ಎಂದು. ಮಾರ್ಚಿನಲ್ಲಿ ಬರೆದದ್ದೆಲ್ಲ ಸುಳ್ಳು. ಹೆಬ್ಬೆರಳಿನ ಜಾಗ, ಹಿಮ್ಮಡಿ, ಪೊಲೀಸ್ ನರ್ಸಮ್ಮ ಎಲ್ಲ ಸುಳ್ಳು. ಬಂದ ದಿನದಿಂದ ಬೂಟು ಗೂಡಿನಲ್ಲಿ ಕೂತಿತ್ತು.

ಹೋದ ತಿಂಗಳು ಮಳೆಯಲ್ಲಿ ಪೆಡಲಿನ ರಬ್ಬರ್ ಕಳಚಿ ಕಂಬಿ ಹೊರಗೆ ಬಂದಿತ್ತು. ಬರಿಗಾಲಿಗೆ ಚುಚ್ಚಿತು. ಕೊರೆಯುವ ಚಳಿಯಲ್ಲಿ ಕಾಲು ಮರಗಟ್ಟಿ ನನಗೆ ಗೊತ್ತೇ ಆಗಲಿಲ್ಲ. ಅದೇ ಕಾಲಲ್ಲಿ ಹಳ್ಳ ದಾಟಿ, ಕೆಸರು ತುಳಿದು, ನಾಲ್ಕು ದಿನ ತಿರುಗಿದೆ. ಐದನೆಯ ದಿನ ಕಾಲು ಹಲಸಿನಕಾಯಿಯಂತೆ ಊದಿ ಜ್ವರ ಬಂತು. ಡಾಕ್ಟರು ಕೊಯ್ದು ಕೀವು ತೆಗೆದರು. "ಇನ್ನು ಆರು ವಾರ ಕಾಲು ನೆನೆಯಬಾರದು. ನೆನೆದರೆ ಡಿಸೆಂಬರಿನ ಪೋಲಿಯೋ ಸುತ್ತಿಗೆ ಬೇರೆಯವರನ್ನು ಹಾಕುತ್ತೇನೆ" ಎಂದರು.

ಆ ಗಾಯ ತೊಳೆಯುವಾಗ ಅವ್ವ ನೋಡಿದಳು. "ಅರಕೆ ಒತ್ತೋಳು ನಾನು, ಕಾಲ್ ಕಳ್ಕೊಳೋಳು ನೀನು. ಇದ್ಯಾವ ನ್ಯಾಯ ಕಣವ್ವಾ?" ಎಂದಳು. ಆಮೇಲೆ ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿ ಗೂಟಕ್ಕೆ ನೇತುಹಾಕಿ ಬೆಟ್ಟದ ಕಡೆ ಕೈ ಮುಗಿದಳು. "ಮಾದಪ್ಪಾ, ಇವ್ಳ ಕಾಲ ಬುಟ್ಬುಡು. ನನ್ ಮಗ ಒಸ್ಲು ದಾಟೋಗಂಟ ನಾನು ಎಲೆಅಡ್ಕೆ ಬಾಯ್ಗಾಕಲ್ಲ. ಇದು ನನ್ದೇ, ಇನ್ನೊಬ್ರುದಲ್ಲ." ನಲವತ್ತು ವರ್ಷದ ಎಲೆಅಡಿಕೆ ಕುಮಾರ! ಮೂರು ದಿನ ಅವಳ ತಲೆನೋವು, ಸಿಡುಕು ನೋಡಲಾಗಲಿಲ್ಲ. ಆದರೂ ಚೀಲ ಮುಟ್ಟಲಿಲ್ಲ.

ಗಾಯ ಮಾಯ್ದ ಮೇಲೆ, ಮೊನ್ನೆ ಗುರುವಾರ, ಎರಡು ಜೊತೆ ಕಾಲುಚೀಲ ಏರಿಸಿ ಬೂಟು ಹಾಕಿಕೊಂಡೆ. ಎಡಗಾಲು ಸಲೀಸಾಗಿ ಹೋಯಿತು. ಬಲಗಾಲಿನ ಬೆರಳಿಗೆ ಏನೋ ಅಡ್ಡ ಬಂತು. ಅಳತೆ ತಪ್ಪಿಸಿದನಲ್ಲ ಎಂದು ನಿನಗೇ ಬೈದೆ. ಕೈ ಹಾಕಿದರೆ ಮೂತಿಯಲ್ಲಿ ತುರುಕಿದ ಹಿಂದಿ ಪೇಪರ್. ಅದರ ಹಿಂದೆ ಪ್ಲಾಸ್ಟಿಕ್ ಕವರು. ಕವರಿನಲ್ಲಿ ನಿನ್ನ ಅಕ್ಷರ.

ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ, ಕೇಳಿಸಿಕೊ.

"ಅಕ್ಕ, ಇದು ಅವ್ವನಿಗೆ ಓದಬೇಡ. ಮೇಲೆ ಮೂರು ದಿನ ಬೂಟು ಬಿಚ್ಚಲಾಗಲಿಲ್ಲ. ಕಾಲುಚೀಲ ಒದ್ದೆಯಾಗಿತ್ತು, ಬದಲಿಸಲಿಲ್ಲ. ನಿನಗೆ ಹೇಳಿದ್ದನ್ನು ನಾನೇ ಮಾಡಲಿಲ್ಲ. ಚಳಿಗೆ ಸತ್ತುಹೋದ ಬಲಗಾಲಿನ ಮೂರು ಬೆರಳು ತೆಗೆದಿದ್ದಾರೆ. ಹೆಬ್ಬೆರಳು, ಅದರ ಪಕ್ಕದ್ದು ಉಳಿದಿವೆ. ನಡೆಯುತ್ತೇನೆ, ಸ್ವಲ್ಪ ಓರೆ." ಇಲ್ಲಿಗೆ ಬರುವಷ್ಟರಲ್ಲಿ ನನಗೆ ಅಕ್ಷರ ಕಾಣಲಿಲ್ಲ. ಒಂದು ಕಾಲಿಗೆ ಬೂಟು, ಒಂದು ಕಾಲು ಖಾಲಿ, ಹಾಗೇ ನೆಲದ ಮೇಲೆ ಕೂತು ಅತ್ತೆ.

"ಆಸ್ಪತ್ರೆಯಲ್ಲಿ ನಿನ್ನ ಪಾದದ ಹಾಳೆ ದಿಂಬಿನ ಕೆಳಗಿತ್ತು. ಐದು ಬೆರಳಿನ ಗೀಟೂ ಸ್ಪಷ್ಟವಾಗಿದೆ. ಹಾಕಿದ ಕೈ ಅವಳದಂತೆ. ಅವಳಿಗೆ ಇದನ್ನು ಹೇಳು, ಅವಳ ಉತ್ತರ ಬರೆ. ಅವಳು ಒಲ್ಲೆನೆಂದರೆ ಅದನ್ನು ಬರೆಯುವ ಕಷ್ಟ ನಿನಗೆ ಬೇಡ, ಅದು ನಿನ್ನ ಗಂಡನ ಮನೆ. ಮುಂದಿನ ಪತ್ರದಲ್ಲಿ ಕವಿತಳ ಹೆಸರೆತ್ತದೆ ಬಿಡು. ನನಗೆ ತಿಳಿಯುತ್ತದೆ. ಮತ್ತೆ ಆ ಮಾತು ತೆಗೆಯುವುದಿಲ್ಲ."

ಅಯ್ಯೋ ದಡ್ಡ ಮುಂಡೇದೆ! ನಾನು ಅವಳ ಹೆಸರು ಬರೆಯದೆ ಇದ್ದದ್ದು ದೃಷ್ಟಿಯಾಗುತ್ತದೆ ಎಂದು ಅವ್ವ ತಡೆದದ್ದಕ್ಕೆ! ಅದರ ಮೇಲೆ ನೀನು ಎಂಟು ತಿಂಗಳು ಮನೆ ಬಿಟ್ಟು ಕೂತೆಯಾ? ಇಲ್ಲದ ಪಂಜಾಬಿನವಳಿಗೆ ನಾನು ಹಾಕಿದ ಶಾಪ ಒಂದೆರಡಲ್ಲ, ಅವಳಿಗೂ ಕ್ಷಮೆ ಕೇಳಬೇಕು.

ಬೂಟು ಕಾಲಲ್ಲೇ ಇಟ್ಟುಕೊಂಡು ಶುಕ್ರವಾರ ಯಳಂದೂರಿಗೆ ಹೋದೆ. ಕವಿತ ಕಾಗದವನ್ನು ನಿಂತುಕೊಂಡೇ ಎರಡು ಸಲ ಓದಿದಳು. ಅತ್ತಳು. ಮೊದಲು ನನಗೆ ಬೈದಳು, "ದಿನಾ ಒರೆಸಿಡ್ತೀನಿ ಅಂದಿದ್ಯಲ್ಲತ್ಗೆ, ಒಂದ್ಸಲ ಒಳಗೆ ಕೈಯಾಕಕ್ಕೆ ನಿನ್ಗೇನಾಗಿತ್ತು?" ಎಂದು. ಆಗಸ್ಟಿನಲ್ಲಿ ಅವಳನ್ನು ನೋಡಲು ಯಾರೋ ಬಂದಿದ್ದರಂತೆ. ತಟ್ಟೆ ಹಿಡಿದು ಹೊರಗೆ ಬರಲೇ ಇಲ್ಲವಂತೆ. ಕೊನೆಗೆ ಕಣ್ಣೊರೆಸಿಕೊಂಡು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. "ಕಾಲುಂಗ್ರ ಆಕೊಳ್ಳೋಳು ನಾನು. ನನ್ ಬೆರಳು ಅತ್ತೂ ಅವೆ. ಅವ್ರ ಬೆರಳ್ನ ತಕಂಡು ನಾನೇನ್ ಮಾಡ್ಲಿ?"

ಮಾವ "ನಡೀತಾನಾ?" ಎಂದರು. ನಡೆಯುತ್ತಾನೆ ಎಂದೆ. "ಇನ್ನೇನ್ ಮತ್ತೆ?" ಎಂದು ಎದ್ದು ಹಸುವಿಗೆ ಹುಲ್ಲು ಹಾಕಲು ಹೋದರು.

ಅವ್ವನಿಗೂ ಓದಿದೆ. ನಿನ್ನ ಮಾತು ಮೀರಿದೆ. ಈ ಮನೆಯಲ್ಲಿ ಇನ್ನು ಗುಟ್ಟು ಸಾಕು. ಯಾವ ಕಾಲು ಎಂದು ಕೇಳಿದಳು. ಬಲಗಾಲು ಎಂದೆ. ತನ್ನ ಬಲಗಾಲಿನ ಬೆರಳುಗಳನ್ನು ಕೈಯಲ್ಲಿ ಹಿಡಿದು ಕೂತಳು. "ಅವನ್ಗೆ ಬೆಚ್ಗಿರೋ ಬೂಟ್ ಯಾರವ್ವಾ ಆರ್ಸೋರು?" ಎಂದಳು.

ಕವಿತ ಆರಿಸುತ್ತಾಳಂತೆ. ನಿನ್ನ ಬಲಗಾಲನ್ನು ಇರುವ ಹಾಗೆಯೇ ಹಾಳೆಯ ಮೇಲಿಟ್ಟು ಗೀಟು ಹಾಕಿ ಕಳಿಸಬೇಕಂತೆ. ಖಾಲಿಯಿರುವ ಕಡೆಗೆ ಉಣ್ಣೆಯ ಮೆತ್ತೆ ಹೊಲಿಯುತ್ತಾಳೆ. ಇಲ್ಲದ ಬೆರಳನ್ನು ಬರೆದು ಮೋಸ ಮಾಡಬೇಡ ಎಂದು ಹೇಳಿದ್ದಾಳೆ.

ಬಾರೋ. ನಿನ್ನನ್ನು ನೋಡದೆ ನನಗೆ ಸಾಕಾಗಿದೆ.

ಅಕ್ಕ


ಕೇರ್ ಆಫ್ 56 ಎ.ಪಿ.ಒ.
14-11-1996

ಅಕ್ಕ,

ತಂತಿ ಬಂದ ದಿನ ನಂಬಲಿಲ್ಲ. ಪತ್ರ ಬಂದ ದಿನ ಡಿಪೋದ ಹಿಂದೆ ಹೋಗಿ ಕೂತು ಓದಿದೆ. ನನ್ನ ಹುಡುಗರು ಬಂದು ಊರಲ್ಲಿ ಯಾರಾದರೂ ತೀರಿಕೊಂಡರಾ ಸಾಬ್ ಎಂದು ಕೇಳಿದರು. ಅಷ್ಟು ಅತ್ತಿದ್ದೇನೆ.

ಮಾರ್ಚಿನಲ್ಲಿ ನೀನು ಬರೆದದ್ದನ್ನು ನಾನು ನಂಬಬಾರದಿತ್ತು. ಕಾಗದ ತೆಗೆಯದೆ ಆ ಬೂಟಿನಲ್ಲಿ ಹೆಬ್ಬೆರಳಿನ ಜಾಗ ಸಿಗಲು ಸಾಧ್ಯವೇ ಇಲ್ಲ. ಜಾಗವಿದೆ ಎಂದೆಯಲ್ಲ, ಹಾಗಾದರೆ ಕಾಗದ ತೆಗೆದಿದ್ದಾಳೆ, ಓದಿದ್ದಾಳೆ ಎಂದುಕೊಂಡೆ. ನೀನು ಇಷ್ಟು ಅಳತೆಯಾಗಿ ಸುಳ್ಳು ಹೇಳುತ್ತೀಯೆ ಎಂದು ನನಗೆ ಗೊತ್ತಿರಲಿಲ್ಲ.

ಹಾಳೆ ಜೊತೆಗಿದೆ. ನಾನೇ ಬಗ್ಗಿ ಹಾಕಿಲ್ಲ, ಶಿವನಂಜಯ್ಯನವರು ಹಾಕಿದರು. ಹೆಬ್ಬೆರಳು, ಪಕ್ಕದ್ದು, ಅಲ್ಲಿಂದ ಮುಂದೆ ಗೀಟು ನೇರವಾಗಿ ಇಳಿಯುತ್ತದೆ. ಇದನ್ನು ಯಾರಿಗೂ ತೋರಿಸಿರಲಿಲ್ಲ. ಕವಿತಳ ಕೈಗೇ ಕೊಡು. ಅಳತೆ ಸಂಜೆಯದು, ಎರಡು ಕಾಲುಚೀಲದ ಲೆಕ್ಕ ಹಿಡಿಯಲಿ.

ಡಿಸೆಂಬರ್ ಐದು, ಗುರುವಾರ ಬೆಳಗ್ಗೆ ಕೊಳ್ಳೇಗಾಲದಲ್ಲಿ ಇಳಿಯುತ್ತೇನೆ. ಏಳನೇ ತಾರೀಖು ನಿನ್ನ ಪೋಲಿಯೋ ಸುತ್ತು. ಲಸಿಕೆ ಡಬ್ಬಿ ಹಿಡಿದು ಕ್ಯಾರಿಯರ್ ಮೇಲೆ ನಾನು ಕೂರುತ್ತೇನೆ, ಬೂಟು ಹಾಕಿಕೊಂಡು ನೀನು ತುಳಿ. ನೀರು ಒಳಗೆ ಹೋಗುತ್ತದೋ ಇಲ್ಲವೋ ನಾನೇ ನೋಡಬೇಕು.

ಅವ್ವನಿಗೆ ಹೇಳು. ಊರಿನ ಪದ್ಧತಿಯಂತೆ ಬಲಗಾಲನ್ನೇ ಮುಂದಿಟ್ಟು ಹೊಸ್ತಿಲು ದಾಟುತ್ತೇನೆ. ಎಲೆಗೆ ಸುಣ್ಣ ಹಚ್ಚಿ ಕೈಯಲ್ಲಿ ಹಿಡಿದುಕೊಂಡೇ ನಿಂತಿರಲಿ.

ಕುಮಾರ